ಶನಿವಾರ ರಾತ್ರಿ ಸರ್ವರ್ ಹೊಸ ಯಂತ್ರಕ್ಕೆ ಹೋಗುತ್ತಿದೆ

ಪ್ರಿಯ ಗ್ರಾಹಕರೇ,

ನಿಮ್ಮ ವೆಬ್‌ಸೈಟ್ ಮತ್ತು ಇಮೇಲ್ ಇರುವ ಲಿನಕ್ಸ್ ಸರ್ವರನ್ನು ಈ ಶನಿವಾರ ರಾತ್ರಿ 11ಕ್ಕೆ ಹೊಸ ಯಂತ್ರಕ್ಕೆ ಸಾಗಿಸುತ್ತೇವೆ. ಬೆಳಗಿನ ಜಾವ 3ರವರೆಗೆ ಸೈಟ್ ತೆರೆಯುವುದಿಲ್ಲ.

ಹಳೆಯ ಯಂತ್ರ ಕೆಟ್ಟಿಲ್ಲ. ಆದರೆ ವಯಸ್ಸಾಗಿದೆ, ಬಿಡಿಭಾಗ ಸಿಗುವುದು ಕಷ್ಟವಾಗುತ್ತಿದೆ. ಕೆಟ್ಟ ಮೇಲೆ ಅವಸರದಲ್ಲಿ ಒದ್ದಾಡುವುದಕ್ಕಿಂತ ಚೆನ್ನಾಗಿ ಓಡುತ್ತಿರುವಾಗಲೇ ಸಾಗಿಸುವುದು ಮೇಲು.

ಎಲ್ಲವನ್ನೂ ಹೊಸದಾಗಿ ಇನ್‌ಸ್ಟಾಲ್ ಮಾಡಬಹುದಲ್ವಾ ಅಂತ ಕೆಲವರು ಕೇಳಿದರು. ಮಾಡಬಹುದು. ಆದರೆ ಯಾರದೋ ಕ್ರಾನ್ ಕೆಲಸ (ನಿಗದಿತ ಹೊತ್ತಿಗೆ ತಾನಾಗಿ ನಡೆಯುವ ಕೆಲಸ), ಯಾವುದೋ ಫೋಲ್ಡರಿನ ಪರ್ಮಿಶನ್, ಹೀಗೆ ವರ್ಷಗಳಿಂದ ಸೇರಿಕೊಂಡದ್ದರಲ್ಲಿ ಒಂದಲ್ಲ ಒಂದು ಬಿಟ್ಟುಹೋಗುತ್ತದೆ. ಲಿನಕ್ಸಿನಲ್ಲಿ ಯಂತ್ರದ ಭಾಗಗಳನ್ನು ಓಡಿಸುವ ಹೆಚ್ಚಿನ ಡ್ರೈವರುಗಳು ಅದರ ತಿರುಳಾದ ಕರ್ನಲ್ ಜೊತೆಗೇ ಬರುತ್ತವೆ, ಅದೇ ಲಿನಕ್ಸ್ ಬೇರೆ ಯಂತ್ರದಲ್ಲೂ ಓಡಬಲ್ಲದು. ಹಾಗಾಗಿ ಇದ್ದದ್ದನ್ನು ಇದ್ದ ಹಾಗೇ ಆರ್‌ಸಿಂಕ್ ಎಂಬ ಫೈಲ್ ನಕಲು ಪ್ರೋಗ್ರಾಂನಲ್ಲಿ ನಕಲು ಮಾಡುತ್ತಿದ್ದೇವೆ. ದೊಡ್ಡ ನಕಲು ಈಗಾಗಲೇ ಮುಗಿದಿದೆ. ಶನಿವಾರ ಡೇಟಾಬೇಸ್ ನಿಲ್ಲಿಸಿ, ಆ ನಕಲಿನ ನಂತರ ಬದಲಾದದ್ದನ್ನಷ್ಟೇ ತರುತ್ತೇವೆ.

ನಿಜವಾದ ತೊಡಕು ಇರುವುದು ಬೂಟ್ ಆಗುವ ಹೊತ್ತಿನಲ್ಲಿ. ಬೂಟ್ ಆಗುವಾಗ ಕರ್ನಲ್ ಮೊದಲು ಬಳಸುವ ಪುಟ್ಟ ಫೈಲ್ ಕಟ್ಟಿಗೆ ಇನಿಟ್‌ರಾಮ್‌ಎಫ್‌ಎಸ್ ಅನ್ನುತ್ತಾರೆ. ನಮ್ಮ ಹಳೆಯ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ ಹಳೆಯ ಯಂತ್ರಕ್ಕೆ ಬೇಕಾದ ಡ್ರೈವರುಗಳಷ್ಟೇ ಇವೆ. ಹೊಸದರಲ್ಲಿರುವುದು ಬೇರೆ ಡ್ರೈವರ್ ಬೇಕಾಗುವ ಎನ್‌ವಿಎಂಇ ಎಂಬ ವೇಗದ ಡಿಸ್ಕ್. ಹಾಗೇ ಬಿಟ್ಟರೆ ಕರ್ನಲ್ ಏಳುತ್ತದೆ, ಡಿಸ್ಕ್ ಕಾಣದೆ ಅಲ್ಲೇ ನಿಂತುಬಿಡುತ್ತದೆ. ಆ ಇನಿಟ್‌ರಾಮ್‌ಎಫ್‌ಎಸ್ ಅನ್ನು ಮತ್ತೆ ಕಟ್ಟುತ್ತೇವೆ. ಯಂತ್ರವನ್ನು ಎಬ್ಬಿಸುವ ವ್ಯವಸ್ಥೆಯೂ ಬೇರೆ: ಹಳೆಯದರಲ್ಲಿ ಬಯಾಸ್, ಹೊಸದರಲ್ಲಿ ಯುಇಎಫ್‌ಐ. ಯುಇಎಫ್‌ಐಗೆ ಡಿಸ್ಕಿನಲ್ಲಿ ಫ್ಯಾಟ್32 ಮಾದರಿಯ ಸಣ್ಣದೊಂದು ಪಾರ್ಟಿಷನ್ (ಭಾಗ) ಬೇಕು. ನೆಟ್‌ವರ್ಕ್ ಕಾರ್ಡಿನ ಹೆಸರೂ ಬದಲಾಗುತ್ತದೆ. ಇದನ್ನು ಮರೆತರೆ ಸರ್ವರ್ ಆರಾಮಾಗಿ ಓಡುತ್ತಿರುತ್ತದೆ, ಹೊರಗಿನವರ ಕೈಗೆ ಮಾತ್ರ ಸಿಗುವುದಿಲ್ಲ!

ಇನ್ನು ನಿಮ್ಮ ವಿಷಯ. ಸರ್ವರಿನ ಐಪಿ ವಿಳಾಸ ಅದೇ ಇರುತ್ತದೆ, ಸೈಟಿನ ಹೆಸರನ್ನು ಆ ವಿಳಾಸಕ್ಕೆ ಜೋಡಿಸುವ ಡಿಎನ್‌ಎಸ್ ಮುಟ್ಟಬೇಡಿ. ಆ ಹೊತ್ತಿನಲ್ಲಿ ನಿಮಗೆ ಬರುವ ಇಮೇಲ್ ಕಳೆದುಹೋಗುವುದಿಲ್ಲ. ಕಳಿಸಿದ ಕಡೆಯ ಸರ್ವರ್ ಅದನ್ನು ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ರಾತ್ರಿ 11ರೊಳಗೆ ನಿಮ್ಮ ಅಪ್‌ಲೋಡ್ ಮುಗಿಸಿಕೊಳ್ಳಿ.

ಎಸ್‌ಎಸ್‌ಎಚ್ (ದೂರದಿಂದ ಸರ್ವರಿಗೆ ಲಾಗಿನ್ ಆಗುವ ದಾರಿ) ಬಳಸುವವರಿಗೆ ಒಂದು ಮಾತು. ಸರ್ವರಿನ ಗುರುತಾದ ಹೋಸ್ಟ್ ಕೀಗಳನ್ನು ಬದಲಿಸುತ್ತಿಲ್ಲ. ಲಾಗಿನ್ ಆಗುವಾಗ ಕೀ ಬದಲಾಗಿದೆ ಅಂತ ಎಚ್ಚರಿಕೆ ಬಂದರೆ ಸುಮ್ನೆ ಹಳೆಯ ಕೀ ಅಳಿಸಿ ಮುಂದೆ ಹೋಗಬೇಡಿ, ಮೊದಲು ನಮ್ಮನ್ನು ಕೇಳಿ.

ಸ್ವಂತ ಪ್ರೋಗ್ರಾಂ ಕಂಪೈಲ್ ಮಾಡಿಕೊಂಡವರು ಸ್ವಲ್ಪ ಹುಷಾರು. ನಾವು ಇಂಟೆಲ್ ಪ್ರೊಸೆಸರಿನಿಂದ ಎಎಂಡಿ ಪ್ರೊಸೆಸರಿಗೆ ಹೋಗುತ್ತಿದ್ದೇವೆ. ಕಂಪೈಲ್ ಮಾಡುವಾಗ ‘-march=native’ (ಈ ಯಂತ್ರದ ಪ್ರೊಸೆಸರಿಗೇ ಹೊಂದಿಸು) ಆಪ್ಶನ್ ಕೊಟ್ಟಿದ್ದರೆ ಆ ಪ್ರೋಗ್ರಾಂ ಹಳೆಯ ಪ್ರೊಸೆಸರಿನ ಅಳತೆಗೆ ಹೊಲಿದ ಅಂಗಿ ಇದ್ದ ಹಾಗೆ. ಹೊಸದರಲ್ಲಿ ‘ಇಲ್ಲಿಗಲ್ ಇನ್‌ಸ್ಟ್ರಕ್ಷನ್’ (ಪ್ರೊಸೆಸರಿಗೆ ಗೊತ್ತಿಲ್ಲದ ಆದೇಶ) ಅಂತ ಹೇಳಿ ಸಾಯಬಹುದು. ಭಾನುವಾರ ಮತ್ತೊಮ್ಮೆ ಕಂಪೈಲ್ ಮಾಡಿದರೆ ಸಾಕು.

ಬೆಳಗಿನ ಜಾವ 2ರ ಹೊತ್ತಿಗೂ ಹೊಸದು ಸರಿಯಾಗಿ ಏಳದಿದ್ದರೆ ಹಳೆಯದನ್ನೇ ಮತ್ತೆ ಚಾಲೂ ಮಾಡಿ, ಬೇರೆ ದಿನ ತಿಳಿಸುತ್ತೇವೆ. ಎಲ್ಲ ಸರಿಹೋದರೂ ಎರಡು ವಾರ ಹಳೆಯ ಡಿಸ್ಕುಗಳನ್ನು ಅಳಿಸುವುದಿಲ್ಲ.

ಭಾನುವಾರ ಏನಾದರೂ ಎಡವಟ್ಟು ಕಂಡರೆ ಯಾವ ಪುಟ, ಎಷ್ಟು ಹೊತ್ತಿಗೆ, ಯಾವ ಸಂದೇಶ ಅಂತ ಬರೆದು ಕಳಿಸಿ. ಬರೀ ‘ಸೈಟ್ ಓಡ್ತಿಲ್ಲ’ ಅಂದರೆ ಹುಡುಕುವುದಕ್ಕೇ ಜಾಸ್ತಿ ಹೊತ್ತು ಹೋಗುತ್ತದೆ.

ವಂದನೆಗಳೊಂದಿಗೆ,
ನಿಮ್ಮ ಹೋಸ್ಟಿಂಗ್ ತಂಡ