ರವಿವಾರ ‘ಮನಿ ಮಾತು’ ಕೂಟ
ಎಲ್ಲಾರಿಗೂ ನಮಸ್ಕಾರ್ರಿ. ಬರೋ ರವಿವಾರ ಮುಂಜಾನೆ 7ಕ್ಕ ಧಾರವಾಡದ ಕೆಲಗೇರಿ ಕೆರಿ ದಂಡಿಗೆ ಕೂಡೂಣು. ಹುಬ್ಬಳ್ಳಿಯವರು ಚಿಗರಿ ಬಸ್ಸಿಗೆ ಬಂದು ಜುಬ್ಲಿ ಸರ್ಕಲ್‌ದಾಗ ಇಳದು ಫೋನ್ ಮಾಡ್ರಿ.

ವಿಷಯ: ಮನ್ಯಾಗ ಅನ್ನಬಾರದ ಮಾತು. ನಮ್ಮವ್ವ ದೀಪ ‘ಆರಿಸು’ ಅನ್ನಂಗಿಲ್ಲ, ‘ದೊಡ್ಡದು ಮಾಡು’ ಅಂತಾಳ. ‘ಹೋಗ್ತೀನಿ’ ಅಂದವರನ್ನ ಹೊಸ್ತಿಲದಾಗ ನಿಲ್ಲಿಸಿ ‘ಬರ್ತೀನಿ’ ಅನಸ್ತಾಳ. ಮೊನ್ನೆ ಮಗಳು ಸ್ವಿಚ್ ಮ್ಯಾಲೆ ಕೈ ಇಟ್ಟು, ‘ಆಯಿ, ಟ್ಯೂಬ್‌ಲೈಟೂ ದೊಡ್ಡದು ಮಾಡ್ಲ್ಯಾ?’ ಅಂದ್ಲು. ಅವ್ವಗ ಉತ್ತರ ಹೊಳೀಲಿಲ್ಲ!

ಹಿರ್ಯಾರನ್ನ ಕೇಳಿ ಇಂಥಾ ಎರಡು ಮಾತು ತರ್ರಿ. ಅವರು ಅಂದಂಗ ಬರೀರಿ, ಪುಸ್ತಕದ ಕನ್ನಡಕ್ಕ ತಿದ್ದಬ್ಯಾಡ್ರಿ. ರೆಕಾರ್ಡ್ ಮಾಡೂದಿದ್ರ ಅವರನ್ನ ಕೇಳೇ ಮಾಡ್ರಿ. ಮರಾಠಿ, ಉರ್ದು ಮನಿಯವರೂ ತಮ್ಮವು ತರ್ರಿ. ಮರಾಠಿಯಾಗೂ ಹೊಂಟವರು ‘ಯೇತೋ’, ಅಂದ್ರ ‘ಬರ್ತೀನಿ’ ಅಂತಾರಲ್ಲ.

ಬರೋರು ಶುಕ್ರವಾರ ಸಂಜೀಯೊಳಗ ಇಲ್ಲೇ ಹೇಳ್ರಿ, ಚಹಾಕ್ಕ ಲೆಕ್ಕ ಬೇಕು. ಬರೇ ಹೆಬ್ಬೆಟ್ಟು ಒತ್ತಬ್ಯಾಡ್ರಿ, ಎಷ್ಟು ಮಂದಿ ಅಂತ ಬರೀರಿ.