ಎಣ್ಣೆಯ ಜಾಹೀರಾತು ಬರೆಯುತ್ತಿರುವ ಮಗಳಿಗೊಂದು ಪತ್ರ

ಕೋಲಾರ

ಚಿ. ಮಗಳಿಗೆ ಅಪ್ಪನ ಆಶೀರ್ವಾದಗಳು.

‘ಒಂದೇ ತಿಂಗಳಲ್ಲಿ ಕೂದಲು ಉದುರುವುದು ನಿಲ್ಲುತ್ತದೆ’ ಎಂದು ಬರೆಯಲು ಮೇಲಿನವರು ಹೇಳಿದ್ದಾರೆ, ಕೈ ಓಡುತ್ತಿಲ್ಲ ಎಂದು ನೀನು ಫೋನಿನಲ್ಲಿ ಹೇಳಿದಂದಿನಿಂದ, ಎಂದೋ ನೋಡಿದ್ದ ಒಂದು ಹಾಸ್ಯಚಿತ್ರ ಮತ್ತೆ ಮತ್ತೆ ನೆನಪಾಗುತ್ತಿದೆ. ಅದು 1990ರಲ್ಲಿ ತೆರೆಕಂಡ ‘ಕ್ರೇಜಿ ಪೀಪಲ್’. ನಿರ್ದೇಶಕರು ಟೋನಿ ಬಿಲ್, ನಾಯಕ ಡಡ್ಲಿ ಮೂರ್. ಈಗ ಅದರ ಹೆಸರೆತ್ತುವವರೇ ಅಪರೂಪ, ಆದರೆ ನಿನ್ನ ಕಸುಬಿನವರು ಅದನ್ನು ನೋಡಲೇಬೇಕು.

ಸುಳ್ಳು ಬರೆದು ಬರೆದು ದಣಿದ ಎಮರಿ ಎಂಬ ಜಾಹೀರಾತು ಬರಹಗಾರ ಒಂದು ದಿನ ಇದ್ದದ್ದನ್ನು ಇದ್ದಂತೆಯೇ ಬರೆಯುತ್ತಾನೆ. ವೋಲ್ವೋ ಕಾರು ಡಬ್ಬದ ಹಾಗಿದೆ, ಆದರೂ ಒಳ್ಳೆಯದು ಎಂಬುದು ಅವನ ಧಾಟಿ. ಬುದ್ಧಿ ಕೆಟ್ಟಿದೆಯೆಂದು ಅವನನ್ನು ಮಾನಸಿಕ ಆಸ್ಪತ್ರೆಗೆ ಸೇರಿಸುತ್ತಾರೆ. ಇತ್ತ ಆ ಜಾಹೀರಾತುಗಳು ಕಣ್ತಪ್ಪಿನಿಂದ ಅಚ್ಚಾಗಿ, ಜನ ಮುಗಿಬಿದ್ದು ಕೊಳ್ಳುತ್ತಾರೆ. ಆಮೇಲೆ ಆಸ್ಪತ್ರೆಯ ರೋಗಿಗಳೇ ಅವನೊಂದಿಗೆ ಕುಳಿತು ಬರೆಯತೊಡಗುತ್ತಾರೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಸಂಗತಿ. ಕಂಪನಿಯ ಒಡೆಯ ತನ್ನ ಪಳಗಿದ ಬರಹಗಾರರಿಂದಲೇ ನಿಜವನ್ನು ಬರೆಸಲು ಹೋದರೆ ಅದು ಅವರಿಗೆ ಒಲಿಯುವುದೇ ಇಲ್ಲ. ಸುಳ್ಳು ಬೇಡವೆಂದು ತೀರ್ಮಾನಿಸಿದ ಮಾತ್ರಕ್ಕೆ ನಿಜ ಕೈಗೆ ಬರುವುದಿಲ್ಲ, ಮಗಳೇ. ಅಷ್ಟು ಹೊತ್ತಿಗೆ ವಸ್ತುವನ್ನು ನೋಡುವ ಕಣ್ಣೇ ಮಂಕಾಗಿರುತ್ತದೆ. ನಿನ್ನ ಕಣ್ಣು ಇನ್ನೂ ಹಾಗಾಗಿಲ್ಲವೆಂದೇ ಇಷ್ಟು ಬರೆಯುತ್ತಿದ್ದೇನೆ.

ಚಿತ್ರದಲ್ಲಿ ನಾನು ಒಪ್ಪದ ಭಾಗವೂ ಇದೆ. ಅದು ಮನಸ್ಸಿನ ಕಾಯಿಲೆಯನ್ನು ಮುಗ್ಧತೆಯೆಂಬಂತೆ ತೋರಿಸುತ್ತದೆ; ನಿನ್ನ ಚಿಕ್ಕಪ್ಪನ ಕಷ್ಟ ಕಂಡ ನಮ್ಮ ಮನೆಗೆ ಅದು ನಗುವ ವಿಷಯವಲ್ಲ.

ಇಲ್ಲಿನ ಎಪಿಎಂಸಿ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತಾ ಬಂದ ನಾನು, ಬಾಕ್ಸಿನ ಮೇಲೆ ದಪ್ಪ ಹಣ್ಣು ಜೋಡಿಸಿ ಅಡಿಯಲ್ಲಿ ಸಣ್ಣವನ್ನು ಮುಚ್ಚಿ ತಂದವರನ್ನು ಬೇಕಾದಷ್ಟು ನೋಡಿದ್ದೇನೆ. ಅಲ್ಲಿ ಕೊಳ್ಳುವವನು ಅಡಿಯವರೆಗೂ ಕೈ ಹಾಕಿ ನೋಡಬಲ್ಲ. ಎಣ್ಣೆಯ ಸೀಸೆಗೆ ಹಾಗೆ ಕೈ ಹಾಕಲಾಗದು. ಅಂಗಡಿಯ ಮುಂದೆ ನಿಂತವರಿಗೆ ನಿನ್ನ ಮಾತೊಂದೇ ಆಧಾರ. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆಯೆಂಬುದನ್ನೂ ನಿನ್ನ ಮೇಲಿನವರಿಗೆ ವಿನಯದಿಂದ ತಿಳಿಸು.

ನೀನು ಕಳಿಸಿದ ಎಣ್ಣೆಯನ್ನು ಅಮ್ಮ ಮೂರು ವಾರದಿಂದ ಹಚ್ಚುತ್ತಿದ್ದಾಳೆ. ಕೂದಲು ಉದುರುವುದು ನಿಂತಿಲ್ಲ. ಆದರೆ ಜಿಡ್ಡಿಲ್ಲ, ದಿಂಬಿಗೆ ಅಂಟುವುದಿಲ್ಲ, ಹಚ್ಚಿದ ರಾತ್ರಿ ನೆತ್ತಿ ತಂಪಾಗಿ ಚೆನ್ನಾಗಿ ನಿದ್ದೆ ಬರುತ್ತದೆ ಎನ್ನುತ್ತಾಳೆ. ಅಲ್ಲಿಂದ ಬರೆಯಲು ಶುರು ಮಾಡು.

ಇತಿ,
ನಿನ್ನ ಅಪ್ಪ