ವಿದ್ಯಾರ್ಥಿವೇತನ ಬೇರೆ, ಸಂಬಳ ಬೇರೆ

ಮಾನ್ಯರೇ,

ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಕಂಪ್ಯೂಟರ್ ವಿಜ್ಞಾನದ ಉನ್ನತ ವ್ಯಾಸಂಗಕ್ಕೆ ಸಿಗುವ ಆರ್ಥಿಕ ನೆರವಿನ ಕುರಿತು ನಿಮ್ಮ ಶಿಕ್ಷಣ ಪುರವಣಿಯಲ್ಲಿ ಬಂದ ಪಟ್ಟಿಯನ್ನು ಗಮನವಿಟ್ಟು ಓದಿದೆ. ಶ್ರಮಪಟ್ಟು ಸಿದ್ಧಪಡಿಸಿದ ಪಟ್ಟಿ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಐರೋಪ್ಯ ಒಕ್ಕೂಟದ ಎರಾಸ್ಮಸ್ ಮುಂಡಸ್, ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ ಡಿಎಎಡಿಯ ನೆರವು, ಫ್ರಾನ್ಸ್ ಸರ್ಕಾರದ ಐಫೆಲ್ ವಿದ್ಯಾರ್ಥಿವೇತನ, ನೆದರ್ಲೆಂಡ್ಸ್‌ನ ಪಿಎಚ್.ಡಿ. ಸ್ಥಾನಗಳು ಇವೆಲ್ಲವನ್ನೂ ‘ಪೂರ್ಣ ವಿದ್ಯಾರ್ಥಿವೇತನ’ ಎಂಬ ಒಂದೇ ತಲೆಬರಹದಡಿ ಸಾಲಾಗಿ ನಿಲ್ಲಿಸಿದ್ದು ಸರಿಯಲ್ಲ. ಈ ಸಾಲಿನಲ್ಲಿ ಕೊನೆಯದು ವಿದ್ಯಾರ್ಥಿವೇತನವೇ ಅಲ್ಲ, ಅದು ನೌಕರಿ. ಈ ವ್ಯತ್ಯಾಸ ತಿಳಿಯದೆ ಅರ್ಜಿ ಹಾಕಿ ವರ್ಷ ಕಳೆದುಕೊಂಡವರನ್ನು ಹತ್ತಿರದಿಂದ ನೋಡಿರುವ ಅಧ್ಯಾಪಕನಾಗಿ ಈ ಪತ್ರ ಬರೆಯುತ್ತಿದ್ದೇನೆ.

ನೆದರ್ಲೆಂಡ್ಸ್, ಸ್ವೀಡನ್, ಡೆನ್ಮಾರ್ಕ್, ನಾರ್ವೆಗಳಲ್ಲಿ ಪಿಎಚ್.ಡಿ. ಮಾಡುವವರು ಬಹುಮಟ್ಟಿಗೆ ವಿಶ್ವವಿದ್ಯಾಲಯದ ಸಿಬ್ಬಂದಿಯೇ ಆಗಿರುತ್ತಾರೆ. ಅವರಿಗೆ ನೇಮಕಾತಿ ಕರಾರು, ತಿಂಗಳ ಸಂಬಳ, ಸಂಬಳಸಹಿತ ರಜೆ ಎಲ್ಲವೂ ಉಂಟು. ಬೋಧನಾ ಶುಲ್ಕ ಮಾತ್ರ ಇಲ್ಲ. ಅವಧಿ ಡಚ್ಚರಲ್ಲಿ ಸಾಮಾನ್ಯವಾಗಿ 4 ವರ್ಷ, ಡೆನ್ಮಾರ್ಕಿನಲ್ಲಿ 3 ವರ್ಷ. ಸ್ವೀಡನ್ನಿನಲ್ಲಿ 4 ವರ್ಷದ ಸಂಶೋಧನೆಯ ಜೊತೆಗೆ ಪಾಠ ಹೇಳುವ ಕೆಲಸವೂ ಸೇರಿದರೆ 5 ವರ್ಷದವರೆಗೆ ಹೋಗುತ್ತದೆ. ಜರ್ಮನಿಯಲ್ಲಿ ಇಂಥ ಹುದ್ದೆಗಳು ಸಾರ್ವಜನಿಕ ಸೇವೆಯ ಇ-13 ವೇತನ ಶ್ರೇಣಿಗೆ ಸೇರುತ್ತವೆ. ಜಾಹೀರಾತಿನಲ್ಲಿ ಶೇ 65, ಶೇ 75, ಶೇ 100 ಎಂದು ಬರೆದಿರುವುದು ಆ ಹುದ್ದೆಯ ಪ್ರಮಾಣವನ್ನು. ಸಂಬಳವೂ ಅದೇ ಲೆಕ್ಕದಲ್ಲಿ ಸಿಗುತ್ತದೆ. ಬೇರೆ ಕೆಲವು ವಿಷಯಗಳಲ್ಲಿ ಅರ್ಧ, ಮುಕ್ಕಾಲು ಹುದ್ದೆಗಳೇ ಹೆಚ್ಚಾದರೂ ಕಂಪ್ಯೂಟರ್ ವಿಜ್ಞಾನದಲ್ಲಿ ಪೂರ್ಣ ಹುದ್ದೆ ಅಪರೂಪವೇನಲ್ಲ.

ನೌಕರಿ ಎಂದ ಮೇಲೆ ಅರ್ಜಿಯ ಧಾಟಿಯೂ ಬದಲಾಗಬೇಕು. ಎಡವುವುದು ಇಲ್ಲಿಯೇ. ನನ್ನ ವಿದ್ಯಾರ್ಥಿನಿಯೊಬ್ಬಳು ಒಂದೇ ಪತ್ರವನ್ನು 30ಕ್ಕೂ ಹೆಚ್ಚು ಪ್ರಾಧ್ಯಾಪಕರಿಗೆ ಕಳುಹಿಸಿ, ಎಲ್ಲಿಂದಲೂ ಉತ್ತರ ಬಾರದೆ ಕಂಗೆಟ್ಟು ನನ್ನ ಬಳಿ ಬಂದಳು. ಪತ್ರದ ಮೊದಲ ಎರಡು ಪ್ಯಾರಾಗಳಲ್ಲಿ ಅಂಕಗಳು, ರ‍್ಯಾಂಕು, ಮನೆಯ ಪರಿಸ್ಥಿತಿ, ‘ತಮ್ಮ ಮಾರ್ಗದರ್ಶನದಲ್ಲಿ ಒಂದು ಅವಕಾಶ ದಯಪಾಲಿಸಬೇಕು’ ಎಂಬ ಕೋರಿಕೆ ಇದ್ದವು. ಕಟ್ಟಕಡೆಯ ಸಾಲಿನಲ್ಲಿ, ಅದೂ ಹೇಳಲೋ ಬೇಡವೋ ಎಂಬಂತೆ, ಏಕಕಾಲದಲ್ಲಿ ಓಡುವ ಪ್ರೋಗ್ರಾಂಗಳು ಒಂದಕ್ಕೊಂದು ಕಾಯುತ್ತ ಸಿಕ್ಕಿಬೀಳುವ ಡೆಡ್‌ಲಾಕ್‌ಗಳನ್ನು ಮೊದಲೇ ಪತ್ತೆಹಚ್ಚುವ ಸಣ್ಣ ಸಾಧನವೊಂದನ್ನು ತಾನು ಬರೆದಿರುವುದಾಗಿ ತಿಳಿಸಿದ್ದಳು. ಅವಳು ಅರ್ಜಿ ಹಾಕಿದ್ದ ಹುದ್ದೆಗಳಲ್ಲಿ ಒಂದು ಇದೇ ವಿಷಯದ್ದು! ಆ ಸಾಲನ್ನು ಮೇಲಕ್ಕೆ ತಂದು, ಆ ತಂಡದ ಒಂದು ಪ್ರಬಂಧವನ್ನು ನಿಜವಾಗಿ ಓದಿ, ತನ್ನ ಸಾಧನ ಎಲ್ಲಿ ಸೋಲುತ್ತದೆ ಎಂಬುದನ್ನು ಬರೆದ ಮೇಲೆ ಸಂದರ್ಶನಕ್ಕೆ ಕರೆ ಬಂತು. ಒಂದು ಗಂಟೆಯ ಸಂದರ್ಶನದಲ್ಲಿ ಅರ್ಧ ಗಂಟೆ ಆ ಸೋಲಿನ ಬಗ್ಗೆಯೇ ಮಾತು ನಡೆಯಿತಂತೆ. ರ‍್ಯಾಂಕಿನ ಪ್ರಸ್ತಾಪವೇ ಬರಲಿಲ್ಲ. ಆ ಹುದ್ದೆ ಅವಳಿಗೆ ಸಿಗಲಿಲ್ಲ, ಮುಂದೆ ಹಾಕಿದ ಮೂರನೆಯದು ಸಿಕ್ಕಿತು. ವಿದ್ಯಾರ್ಥಿವೇತನ ಕೇಳುವವರು ತಮ್ಮ ಅರ್ಹತೆ ಹೇಳಿಕೊಳ್ಳುತ್ತಾರೆ. ಇಲ್ಲಿ ಕೇಳುವುದು ನೀವು ಬಂದರೆ ನಾಳೆ ಯಾವ ಕೆಲಸ ಮುಂದುವರಿಯುತ್ತದೆ ಎಂಬುದನ್ನು.

ಈ ಹುದ್ದೆಗಳಿಗೆ ವರ್ಷಕ್ಕೊಂದೇ ಗಡುವು ಎಂಬುದೂ ಇಲ್ಲ. ಹಣ ಮಂಜೂರಾದಾಗ ಜಾಹೀರಾತು ಬರುತ್ತದೆ. ಐರೋಪ್ಯ ಒಕ್ಕೂಟದ ಆಡಳಿತ ಮಂಡಳಿಯಾದ ಯುರೋಪಿಯನ್ ಕಮಿಷನ್ನಿನ ಯುರಾಕ್ಸೆಸ್ ಜಾಲತಾಣದಲ್ಲಿಯೂ ಡಚ್ಚರ ಅಕಾಡೆಮಿಕ್ ಟ್ರಾನ್ಸ್‌ಫರ್‌ನಲ್ಲಿಯೂ ಇವನ್ನು ಉಚಿತವಾಗಿ ನೋಡಬಹುದು. ಸಾಮಾನ್ಯವಾಗಿ ಸ್ನಾತಕೋತ್ತರ ಪದವಿ ಇರಲೇಬೇಕು, ಆದರೆ ಪದವಿಯ ನಂತರ ನೇರವಾಗಿ ಪಿಎಚ್.ಡಿ.ಗೆ ತೆಗೆದುಕೊಳ್ಳುವ ಕಡೆಗಳೂ ಇವೆ. ಆಸ್ಟ್ರಿಯಾದ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಅಂಡ್ ಟೆಕ್ನಾಲಜಿ ಮತ್ತು ಜರ್ಮನಿಯ ಸಾರ್‌ಬ್ರೂಕನ್‌ನ ಕಂಪ್ಯೂಟರ್ ವಿಜ್ಞಾನ ಗ್ರಾಜುಯೇಟ್ ಸ್ಕೂಲ್ ಇದಕ್ಕೆ ಉದಾಹರಣೆ. ಬ್ರಿಟನ್ನಿನದು ಬೇರೆಯೇ ದಾರಿ. ಅಲ್ಲಿ ಪಿಎಚ್.ಡಿ. ಮಾಡುವವರು ನೌಕರರಲ್ಲ, ಶಿಷ್ಯವೇತನ ಪಡೆಯುವ ವಿದ್ಯಾರ್ಥಿಗಳು. ಸಂಶೋಧನಾ ಮಂಡಳಿಗಳು ಕೊಡುವ ಶುಲ್ಕ ಸ್ಥಳೀಯ ದರದ್ದು, ವಿದೇಶಿಯರ ಶುಲ್ಕ ಅದಕ್ಕಿಂತ ಬಹಳ ಹೆಚ್ಚು. ನಡುವಿನ ಅಂತರವನ್ನು ಯಾರು ತುಂಬುತ್ತಾರೆ ಎಂದು ಮೊದಲೇ ಕೇಳಿಕೊಳ್ಳದಿದ್ದರೆ ಕಷ್ಟ.

ಐರೋಪ್ಯ ಒಕ್ಕೂಟದ ಹಣದಿಂದ ಹಲವು ದೇಶಗಳ ಸಂಸ್ಥೆಗಳು ಸೇರಿ ಪಿಎಚ್.ಡಿ. ಹುದ್ದೆ ಕೊಡುವ ಮಾರಿ ಸ್ಕ್ಲೊಡೊವ್‌ಸ್ಕಾ-ಕ್ಯೂರಿ ಡಾಕ್ಟರಲ್ ನೆಟ್‌ವರ್ಕ್‌ಗಳ ಬಗ್ಗೆ ನಿಮ್ಮ ಪಟ್ಟಿಯಲ್ಲಿ ಒಂದೇ ಸಾಲು ಇತ್ತು. ಅದರ ಒಂದು ನಿಯಮವನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಬೇಕಿತ್ತು. ನೇಮಕಾತಿಗೆ ಹಿಂದಿನ 36 ತಿಂಗಳುಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಹುದ್ದೆ ಇರುವ ದೇಶದಲ್ಲಿಯೇ ವಾಸಿಸಿದವರನ್ನು ಅಲ್ಲಿ ತೆಗೆದುಕೊಳ್ಳುವಂತಿಲ್ಲ. ಅಂದರೆ ಜರ್ಮನಿಗೆ ಹೋಗಿ ಎರಡು ವರ್ಷದ ಮಾಸ್ಟರ್ಸ್ ಮುಗಿಸಿದ ವಿದ್ಯಾರ್ಥಿ, ಭಾಷೆ ಕಲಿತು ಮಾರ್ಗದರ್ಶಕರನ್ನು ಹುಡುಕಿಕೊಂಡು ಇನ್ನೇನು ಎಲ್ಲವೂ ಸರಿಹೋಯಿತು ಎನ್ನುವಾಗ, ಅದೇ ಜರ್ಮನಿಯಲ್ಲಿ ಈ ಹುದ್ದೆಗೆ ಅನರ್ಹ, ಡೆನ್ಮಾರ್ಕಿನಲ್ಲಿ ಅರ್ಹ. ಸಂಶೋಧಕರು ದೇಶದಿಂದ ದೇಶಕ್ಕೆ ಓಡಾಡಲಿ ಎಂಬುದೇ ಯೋಜನೆಯ ಉದ್ದೇಶವಾದ್ದರಿಂದ ನಿಯಮದಲ್ಲಿ ತಪ್ಪಿಲ್ಲ, ಅದು ತಿಳಿಯದೆ ಹೋಗುವುದೇ ತಪ್ಪು. ಪ್ರಕಟಣೆಯಲ್ಲಿ ಕಾಣುವ ದೊಡ್ಡ ಮೊತ್ತವೂ ಕೈಗೆ ಬರುವ ಹಣವಲ್ಲ. ಉದ್ಯೋಗದಾತರು ಕಟ್ಟಬೇಕಾದ ಸಾಮಾಜಿಕ ಭದ್ರತೆಯ ವಂತಿಗೆಯೂ ಅದರಲ್ಲೇ ಕಳೆಯುತ್ತದೆ.

ಇನ್ನು ಮಾಸ್ಟರ್ಸ್ ವಿಚಾರ. ಹಣ ನಿಜಕ್ಕೂ ವಿರಳವಾಗಿರುವುದು ಈ ಹಂತದಲ್ಲಿ. 2004ರಲ್ಲಿ ಆರಂಭವಾದ ಎರಾಸ್ಮಸ್ ಮುಂಡಸ್ ಇರುವ ವಿದ್ಯಾರ್ಥಿವೇತನಗಳಲ್ಲಿ ಬಹಳ ಉದಾರವಾದದ್ದು. ಶುಲ್ಕವಿಲ್ಲ, ತಿಂಗಳಿಗೆ 1,400 ಯೂರೋ, ಹೆಚ್ಚೆಂದರೆ 24 ತಿಂಗಳು, ಒಟ್ಟು 33,600 ಯೂರೋ. ಪ್ರಯಾಣ, ವೀಸಾ ಖರ್ಚೂ ಅದರಲ್ಲಿಯೇ ಆಗಬೇಕು. ಅರ್ಜಿ ಹಾಕಬೇಕಾದದ್ದು ಕಮಿಷನ್ನಿಗಲ್ಲ, ಕೋರ್ಸ್ ನಡೆಸುವ ವಿಶ್ವವಿದ್ಯಾಲಯಗಳ ಒಕ್ಕೂಟಕ್ಕೆ. ದತ್ತಾಂಶ ನಿರ್ವಹಣೆಗೆ ಬಿಡಿಎಂಎ, ಸಾಫ್ಟ್‌ವೇರ್ ವ್ಯವಸ್ಥೆಗಳಿಗೆ ಇಡಿಐಎಸ್ಎಸ್, ಭಾಷಾ ತಂತ್ರಜ್ಞಾನಕ್ಕೆ ಎಲ್‌ಸಿಟಿ ಹೀಗೆ ಬೇರೆ ಬೇರೆ ಕೋರ್ಸ್‌ಗಳಿದ್ದು, ಒಂದೊಂದಕ್ಕೂ ತನ್ನದೇ ಆಯ್ಕೆ ಸಮಿತಿ ಇದೆ. ಪ್ರತಿ ಒಕ್ಕೂಟಕ್ಕೂ ಹಣ ಬರುವುದು ಕೆಲವೇ ವರ್ಷಗಳ ವಿದ್ಯಾರ್ಥಿ ತಂಡಗಳಿಗೆ; ಅದು ಮುಗಿದ ಮೇಲೆ ಕೋರ್ಸ್ ಉಳಿದರೂ ವಿದ್ಯಾರ್ಥಿವೇತನ ಉಳಿಯದೆ ಹೋಗಬಹುದು. ಹಳೆಯ ವಿದ್ಯಾರ್ಥಿಗಳ ಮಾತು ನಂಬಿ ಅರ್ಜಿ ಹಾಕುವವರು ಇದನ್ನು ಗಮನಿಸುವುದಿಲ್ಲ.

‘ಜರ್ಮನಿಯಲ್ಲಿ ಶಿಕ್ಷಣ ಉಚಿತ’ ಎಂಬ ಮಾತಿಗೂ ಇಷ್ಟು ತಿದ್ದುಪಡಿ ಬೇಕು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಶುಲ್ಕ ಇಲ್ಲದಿರುವುದು ಬಹುಪಾಲು ನಿಜ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ಪಡೆಯುತ್ತಿದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದ ಸೆಮಿಸ್ಟರಿನಿಂದ ಶುಲ್ಕ ಆರಂಭಿಸಿದೆ. ಶುಲ್ಕವಿಲ್ಲದ ಕಡೆಯೂ ವೀಸಾಕ್ಕಾಗಿ ವರ್ಷದ ಜೀವನ ವೆಚ್ಚವನ್ನು ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಷ್ಟೇ ಎಂದು ಹಣ ತೆಗೆಯಲು ಬಿಡುವ ಖಾತೆ) ಮುಂಗಡ ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಆ ಮೊತ್ತ 11,904 ಯೂರೋಗೆ ಏರಿತು. ಇದನ್ನು ಹೊಂದಿಸಲಾಗದ ಕುಟುಂಬಕ್ಕೆ ‘ಉಚಿತ’ ಎಂಬ ಪದದಿಂದ ಏನೂ ಪ್ರಯೋಜನವಿಲ್ಲ. ಸ್ವೀಡನ್ 2011ರಿಂದ, ಫಿನ್ಲೆಂಡ್ 2017ರಿಂದ, ನಾರ್ವೆ 2023ರಿಂದ ಹೊರಗಿನವರಿಗೆ ಮಾಸ್ಟರ್ಸ್ ಶುಲ್ಕ ವಿಧಿಸುತ್ತಿವೆ. ನಾರ್ವೆಯಲ್ಲಿ ಎಲ್ಲವೂ ಉಚಿತ ಎಂದು ಈಗಲೂ ಹೇಳಿಕೊಂಡು ತಿರುಗುವ ಸಲಹಾ ಕೇಂದ್ರಗಳನ್ನು ನೋಡಿ ನನಗೆ ಆಶ್ಚರ್ಯವಾಗುತ್ತದೆ.

ಮುಂದಿನ ಸಲ ಇಂಥ ಪಟ್ಟಿ ಪ್ರಕಟಿಸುವಾಗ ಪ್ರತಿಯೊಂದರ ಮುಂದೆಯೂ ಅದು ನೌಕರಿಯೋ ವಿದ್ಯಾರ್ಥಿವೇತನವೋ, ಆಯ್ಕೆ ಮಾಡುವವರು ಯಾರು, ನೆರವು ಸಿಕ್ಕ ಮೇಲೂ ವಿದ್ಯಾರ್ಥಿಯ ಕೈಯಿಂದ ಎಷ್ಟು ಹೋಗುತ್ತದೆ ಎಂಬುದನ್ನು ನಮೂದಿಸಬೇಕೆಂದು ಕೋರುತ್ತೇನೆ. ಪಟ್ಟಿಯನ್ನು ಆಗಸ್ಟ್ ತಿಂಗಳಿನಲ್ಲಿಯೇ ಕೊಟ್ಟರೆ ಇನ್ನೂ ಒಳ್ಳೆಯದು. ಐಫೆಲ್‌ಗೆ ವಿದ್ಯಾರ್ಥಿ ನೇರವಾಗಿ ಅರ್ಜಿ ಹಾಕುವಂತಿಲ್ಲ, ಫ್ರಾನ್ಸಿನ ವಿದ್ಯಾಸಂಸ್ಥೆಯೇ ಹೆಸರು ಸೂಚಿಸಬೇಕು. ಅಂತಿಮ ಗಡುವು ಜನವರಿಯಲ್ಲಿದ್ದರೂ ಸಂಸ್ಥೆಗಳ ಒಳಗಡುವು ಅದಕ್ಕಿಂತ ಎಷ್ಟೋ ಮೊದಲೇ ಮುಗಿದಿರುತ್ತದೆ. ಹಾಗೆಯೇ, ಗಡುವಿನ ಹಿಂದಿನ ರಾತ್ರಿ ಫೋನ್ ಮಾಡಿ ಶಿಫಾರಸು ಪತ್ರ ಕೇಳುವ ಮಕ್ಕಳಿಂದ ನನ್ನಂಥವರಿಗೂ ಸ್ವಲ್ಪ ಬಿಡುವು ಸಿಕ್ಕೀತು.

ಇತಿ ತಮ್ಮ ವಿಶ್ವಾಸಿ,
ಕಂಪ್ಯೂಟರ್ ವಿಜ್ಞಾನದ ಒಬ್ಬ ಅಧ್ಯಾಪಕ